ಅಂಚಿಗೂ ಅಂಚುಂಟೆ?

ನಮ್ಮಪ್ಪ ತರ್ಕಶಾಸ್ತ್ರ ಓದಿದವರು. ನಾನು ಕುಲುಮೆಯಲ್ಲಿ ಸೆರಾಮಿಕ್ ಬಿಲ್ಲೆ ಸುಡುವವಳು. ಭಾನುವಾರದ ಫೋನಿನಲ್ಲಿ ಅವರ ಮೊದಲ ಪ್ರಶ್ನೆ ಊಟ ಆಯ್ತಾ ಅಂತ, ಎರಡನೆಯದು, "ನಿನ್ನ ಬಿಲ್ಲೆ ಏನಂತು?"

ಬಿಲ್ಲೆ ಅಂದರೆ ಇಂಧನಕೋಶ. ನಡುವೆ ಇಟ್ರಿಯಾ ಬೆರೆತ ಜಿರ್ಕೋನಿಯಾದ ಎಲೆಕ್ಟ್ರೋಲೈಟ್, ಎರಡೂ ಬದಿಗೆ ಬಳಿದ ಎಲೆಕ್ಟ್ರೋಡು. 1937ರಲ್ಲಿ ಜೂರಿಕ್‌ನ ಬೌರ್ ಮತ್ತು ಪ್ರೈಸ್ ಜಿರ್ಕೋನಿಯಾದಿಂದ ಇಂಥದ್ದನ್ನು 1000 ಡಿಗ್ರಿಯಲ್ಲಿ ನಡೆಸಿ ತೋರಿಸಿದ್ದರು. ನನ್ನ ಹಳೆಯ ಮ್ಯಾಂಗನೈಟ್ ಎಲೆಕ್ಟ್ರೋಡಿನಲ್ಲಿ ಎಲೆಕ್ಟ್ರಾನ್ ಓಡುತ್ತದೆ, ಆಮ್ಲಜನಕದ ಅಯಾನು ಹೆಚ್ಚುಕಡಿಮೆ ಓಡುವುದೇ ಇಲ್ಲ. ಜಿರ್ಕೋನಿಯಾದಲ್ಲಿ ಇದರ ತಿರುವುಮುರುವು. ಹೀಗಾಗಿ ಗಾಳಿ, ಎಲೆಕ್ಟ್ರೋಡು, ಎಲೆಕ್ಟ್ರೋಲೈಟು ಮೂರೂ ಮುಟ್ಟುವ ಗೆರೆಯಲ್ಲೇ ಎಲ್ಲ ಕೆಲಸ. ಒಳಗೂ ಅಲ್ಲ, ಹೊರಗೂ ಅಲ್ಲ, ಹಿರಣ್ಯಕಶಿಪು ಸತ್ತ ಹೊಸಿಲಿನ ಹಾಗೆ.

"ಆ ಗೆರೆ ಯಾವ ದ್ರವ್ಯ?" ಅಪ್ಪ ಕೇಳಿದರು.

ನನಗೆ ಉತ್ತರ ಹೊಳೆಯಲಿಲ್ಲ. ಗೆರೆಗೆ ತೂಕವಿಲ್ಲ. ಆದರೂ ಅದರ ತಡೆಯನ್ನು ಅಳೆಯುತ್ತೇನೆ: ಬೇರೆ ಬೇರೆ ಆವರ್ತನದ ವಿದ್ಯುತ್ ಹಾಯಿಸಿದರೆ ಪರದೆಯ ಮೇಲೆ ಚಪ್ಪಟೆಯಾದೊಂದು ಅರ್ಧವೃತ್ತ ಮೂಡುತ್ತದೆ, ಅದರ ಅಗಲವೇ ತಡೆ. ಇಲ್ಲದ್ದಕ್ಕೆ ಓಮ್‌ ಲೆಕ್ಕ!

ವೈಶೇಷಿಕರು ಎರಡನ್ನು ಬೆಸೆಯುವ ಸಮವಾಯವನ್ನೇ ಒಂದು ಪದಾರ್ಥವೆಂದು ಎಣಿಸಿದರು. ಬ್ರಹ್ಮಸೂತ್ರ ಭಾಷ್ಯದ ಎರಡನೇ ಅಧ್ಯಾಯದಲ್ಲಿ ಶಂಕರರು ಅವರನ್ನು ಹಿಡಿದು ನಿಲ್ಲಿಸುತ್ತಾರೆ: ಆ ಸಮವಾಯವನ್ನು ಈ ಎರಡಕ್ಕೆ ಬೆಸೆಯುವುದು ಯಾವುದು? ಇನ್ನೊಂದು ಸಮವಾಯ. ಅದಕ್ಕೆ ಮತ್ತೊಂದು. ಕೊನೆಯಿಲ್ಲ; ಅನವಸ್ಥೆ.

ಅಪ್ಪ ವೈಶೇಷಿಕರ ಪಕ್ಷ. "ಸಮವಾಯಕ್ಕೆ ಇನ್ನೊಂದು ಬೇಕಿಲ್ಲ, ಬೆಸೆಯೋದೇ ಅದರ ಸ್ವಭಾವ. ನಿಂದು ಬರೀ ಸಂಯೋಗ ಕಣಮ್ಮ, ಅಂಟಿಸಿದ್ದು, ಕಿತ್ತರೆ ಬರುತ್ತೆ. ಸಮವಾಯ ಅಂದ್ರೆ ನೂಲು, ಬಟ್ಟೆ."

ಕಿತ್ತರೆ ಬರುತ್ತೆ ಅನ್ನುವುದು ನಿಜ. ಎಷ್ಟೋ ಸಲ ಕೀಳದೆಯೇ ಬಂದಿದೆ, ಕಾಯಿಸಿ ಆರಿಸುವಾಗ ಹಪ್ಪಳದಂತೆ ಎದ್ದು.

ಆದರೆ ನನ್ನ ಹೊಸ ಎಲೆಕ್ಟ್ರೋಡು ಸ್ಟ್ರಾನ್ಷಿಯಂ ಬೆರೆತ ಕೋಬಾಲ್ಟ್ ಫೆರೈಟ್ ಜಾತಿಯದು. ಸುಡುವಾಗ ಅದರ ಸ್ಟ್ರಾನ್ಷಿಯಂ ಹೊರಬಂದು ಜಿರ್ಕೋನಿಯಾದೊಡನೆ ಸೇರಿ ಸ್ಟ್ರಾನ್ಷಿಯಂ ಜಿರ್ಕೋನೇಟ್ ಆಗುತ್ತದೆ. ಗೆರೆಗೆ ಮೈ ಬಂತು, ಬಂದದ್ದೇ ದಾರಿಗೆ ಅಡ್ಡ ಕೂತಿತು. ಅಯಾನಿಗೆ ಅದು ಗೋಡೆ. ಮದ್ದೆಂದರೆ ನಡುವೆ ಗ್ಯಾಡೊಲಿನಿಯಂ ಬೆರೆತ ಸೀರಿಯಾದ ತೆಳು ಪದರ. ಈಗ ಒಂದಿದ್ದ ಅಂಚು ಎರಡಾಯಿತು. ಸೀರಿಯಾ ಬಿಗಿಯಾಗಲೆಂದು 1300 ಡಿಗ್ರಿಗೆ ಏರಿಸಿದೆ. ಸೀರಿಯಾ ಜಿರ್ಕೋನಿಯಾ ಒಂದರೊಳಗೊಂದು ಇಳಿದು ಅಲ್ಲೊಂದು ಮಂದವಾಹಕ ಪದರ ಹುಟ್ಟಿತು.

ಅಪ್ಪನಿಗೆ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಗೊಣಗಿದರು: "ಅನವಸ್ಥೆ."

ಸಂಬಂಧ ವಸ್ತುವಲ್ಲ ಎಂಬುದರಲ್ಲಿ ನಾನು ಶಂಕರರ ಕಡೆ. ಆದರೆ ಅವರಿಗೆ ಅನವಸ್ಥೆ ದೋಷ; ನನಗೆ ಮೈಕ್ರಾನಿನ ಲೆಕ್ಕ. ತಡೆ ಸಾಕಷ್ಟು ಇಳಿದ ಕಡೆ ನಿಲ್ಲಿಸುತ್ತೇನೆ, ಕೋಶ ನಡೆಯುತ್ತದೆ. ನಿಲ್ಲಿಸಿದ ಮಾತ್ರಕ್ಕೆ ಉತ್ತರ ಸಿಕ್ಕಂತಲ್ಲ ಎನ್ನುತ್ತಾರೆ ಅಪ್ಪ.

ಇವತ್ತಿನ ಬಿಲ್ಲೆಯನ್ನು 1200 ಡಿಗ್ರಿಗೆ ಇಟ್ಟು ಬಂದಿದ್ದೇನೆ. ತಣ್ಣಗಾಗುವುದು ನಾಳೆ ಸಂಜೆಗೆ.