ಕಾಯುವ ವರ್ಷಗಳ ಲೆಕ್ಕ

ನಮ್ಮ ಕಡೆ ಯಾವ ಓದಿನ ಮಾತು ಬಂದರೂ ಅದರ ಬೆನ್ನಿಗೇ ಒಂದು ಪ್ರಶ್ನೆ ಬರುತ್ತದೆ: 'ಅದನ್ನು ಓದಿದರೆ ಏನಾಗ್ತಾರೆ?' ಬಿ.ಎಡ್. ಓದಿದರೆ ಟೀಚರ್, ನರ್ಸಿಂಗ್ ಓದಿದರೆ ನರ್ಸ್, ಕಾನೂನು ಓದಿದರೆ ಲಾಯರು. ನಾಟಕ ಓದಿದರೆ? ನಾಟಕದವರಾಗುತ್ತಾರೆ ಎಂಬ ಉತ್ತರ ಯಾರಿಗೂ ಸಾಲದು. 'ಅದು ಸರಿ, ಆಮೇಲೆ ಸಿನಿಮಾದಲ್ಲಿ ಚಾನ್ಸು ಸಿಗುತ್ತಾ? ಸೀರಿಯಲ್ಲಿನಲ್ಲಾದರೂ ಒಂದು ಪಾರ್ಟು?' ಎಂದು ಮುಂದಿನ ಪ್ರಶ್ನೆ ಹುಟ್ಟುತ್ತದೆ. ಮಕ್ಕಳು ಕೂಡ ಮನಸ್ಸಿನಲ್ಲಿ ಇದನ್ನೇ ಇಟ್ಟುಕೊಂಡು ನಾಟಕದ ಶಾಲೆಯ ಅರ್ಜಿ ತರಿಸಿಕೊಳ್ಳುತ್ತಾರೆ. ಪ್ರಶ್ನೆ ಸಣ್ಣದೇನಲ್ಲ. ಒಂದು ಮನೆಯ ದುಡ್ಡು ಮತ್ತು ಒಂದು ಜೀವದ ಹರೆಯದ ವರ್ಷಗಳು ಅದರಲ್ಲಿವೆ.

ಸುಮ್ಮನೆ ಲೆಕ್ಕ ಹಾಕಿದರೆ ಉತ್ತರ 'ಇಲ್ಲ' ಎಂದೇ ಬರುವಂತೆ ಕಾಣುತ್ತದೆ. ಕನ್ನಡಿಗರ ಕಣ್ಮಣಿ ರಾಜಕುಮಾರ್ ಶಾಲೆಯಲ್ಲಿ ಓದಿದ್ದು ಬಹಳ ಕಡಿಮೆ. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿ, 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ತೆರೆಗೆ ಬಂದರು. ನರಸಿಂಹರಾಜು, ಬಾಲಕೃಷ್ಣ ಇವರೆಲ್ಲ ಕಂಪನಿ ನಾಟಕಗಳ ಮಣ್ಣಿನಲ್ಲೇ ಬೆಳೆದವರು. ಆಮೇಲಿನ ಕಾಲಕ್ಕೆ ಬಂದರೆ, ಅನಂತನಾಗ್ ಮುಂಬಯಿಯ ರಂಗಭೂಮಿಯಿಂದ ಬಂದರು. ಉಮಾಶ್ರೀಯವರು 'ಒಡಲಾಳ' ನಾಟಕದ ಸಾಕವ್ವನಾಗಿ ಜನರ ಮನಸ್ಸಿನಲ್ಲಿ ಕೂತು, ಮುಂದೆ 'ಗುಲಾಬಿ ಟಾಕೀಸ್' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಯಶ್ 'ಬೆನಕ' ತಂಡದಲ್ಲಿ ದುಡಿದು, ಧಾರಾವಾಹಿಗಳಲ್ಲಿ ನಟಿಸಿ, 2008ರಲ್ಲಿ 'ಮೊಗ್ಗಿನ ಮನಸು' ಮೂಲಕ ಹೆಸರಾದರು. ಅತ್ತ ಮನೋಜ್ ಬಾಜಪೇಯಿಯವರನ್ನು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಒಂದಕ್ಕಿಂತ ಹೆಚ್ಚು ಸಲ ಹಿಂದಕ್ಕೆ ಕಳಿಸಿತು. 1998ರಲ್ಲಿ 'ಸತ್ಯ' ಬಂದ ಮೇಲೆ ಆ ಶಾಲೆಯ ಮುದ್ರೆ ಅವರ ಮೇಲೆ ಇದೆಯೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ.

ಆದರೆ ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಇವರಲ್ಲಿ ಪದವಿ ಇಲ್ಲದವರಿದ್ದಾರೆ, ಕಲಿಯದೆ ಬಂದವರು ಒಬ್ಬರೂ ಇಲ್ಲ. ಕಂಪನಿಯೆಂದರೆ ಆ ಕಾಲದ ಗುರುಕುಲವೇ. ಹುಡುಗ ಅಲ್ಲಿ ಸೇರಿಕೊಂಡರೆ ಹಾಡು ಕಲಿಯುತ್ತಿದ್ದ, ಮಾತು ಕಲಿಯುತ್ತಿದ್ದ, ಪರದೆ ಎಳೆಯುತ್ತಿದ್ದ, ದೊಡ್ಡವರ ಪಾರ್ಟನ್ನು ದಿನವೂ ಬದಿಯಲ್ಲಿ ನಿಂತು ನೋಡುತ್ತಿದ್ದ. ಎರಡು ಹೊತ್ತಿನ ಊಟವನ್ನು ಕಂಪನಿಯೇ ಹಾಕುತ್ತಿತ್ತು. ಕಲಿಯುವವನಿಗೆ ಅನ್ನ ಕೊಟ್ಟು ಕಲಿಸುವ ಏರ್ಪಾಡು ಅದು. ಅಂಥ ಕಂಪನಿಗಳು ಒಂದೊಂದಾಗಿ ಕಣ್ಣುಮುಚ್ಚಿದ ಮೇಲೆ ಆ ಕೆಲಸ ನಾಟಕದ ಶಾಲೆಗಳ ಪಾಲಿಗೆ ಬಂತು. 1959ರಲ್ಲಿ ರಾಷ್ಟ್ರೀಯ ನಾಟಕ ಶಾಲೆ, 1960ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್, 1980ರಲ್ಲಿ ನಮ್ಮ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ ಆರಂಭವಾದವು.

ಕಂಪನಿಯಲ್ಲೇ ಹುಟ್ಟಿ ಬೆಳೆದವರೂ ಶಾಲೆಯನ್ನು ಬೇಡವೆನ್ನಲಿಲ್ಲ ಎಂಬುದನ್ನು ಗಮನಿಸಬೇಕು. ಬಿ. ಜಯಶ್ರೀಯವರು ಗುಬ್ಬಿ ವೀರಣ್ಣನವರ ಮೊಮ್ಮಗಳು. ಬಣ್ಣ, ಹಾಡು ಅವರಿಗೆ ಮನೆಯ ಮಾತು. ಅಂಥವರೂ ದೆಹಲಿಗೆ ಹೋಗಿ ನಾಟಕ ಶಾಲೆಯಲ್ಲಿ ಕಲಿತರು. ಮನೆಯ ವಿದ್ಯೆ ಕೈಗೆ ರೂಢಿಯಾಗಿ ಬಂದಿರುತ್ತದೆ, ಅದನ್ನು ಯಾಕೆ ಹೀಗೆ ಮಾಡುತ್ತೇವೆ ಎಂದು ಕೇಳಿಕೊಳ್ಳುವುದನ್ನು ಶಾಲೆ ಕಲಿಸುತ್ತದೆ. ಊರಿಗೆ ಬಂದು 'ಸ್ಪಂದನ' ತಂಡ ಕಟ್ಟಿ 'ಕರಿಮಾಯಿ'ಯಂಥ ನಾಟಕ ಮಾಡಿಸಿದ ಜಯಶ್ರೀಯವರಲ್ಲಿ ಎರಡೂ ವಿದ್ಯೆ ಕೂಡಿದ್ದು ಕಾಣುತ್ತದೆ.

ಇನ್ನು ಶಾಲೆಯಲ್ಲಿ ಕಲಿತು ತೆರೆಯ ಮೇಲೆ ಗೆದ್ದವರನ್ನು ನೋಡೋಣ. ನಾಸಿರುದ್ದೀನ್ ಶಾ, ಓಂ ಪುರಿ ಇಬ್ಬರೂ ದೆಹಲಿಯ ಶಾಲೆಯಲ್ಲೂ ಪುಣೆಯಲ್ಲೂ ಕಲಿತವರು. ಸೀಮಾ ಬಿಸ್ವಾಸ್ ನಾಟಕ ಶಾಲೆಯಿಂದ ಬಂದು 'ಬ್ಯಾಂಡಿಟ್ ಕ್ವೀನ್' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಆ ಪಾತ್ರಕ್ಕೆ ಬೇಕಿದ್ದದ್ದು ಪಳಗಿದ ಮೈ ಮತ್ತು ಹೆದರದ ಮನಸ್ಸು. ಚೆಲುವಿಕೆಯೊಂದರಿಂದ ಅದನ್ನು ತುಂಬಲು ಬರುತ್ತಿರಲಿಲ್ಲ. ನಮ್ಮಲ್ಲೇ ಅಚ್ಯುತ್ ಕುಮಾರ್ ನೀನಾಸಂನಲ್ಲಿ ಪಳಗಿ ಬಂದು 'ಕಾಂತಾರ'ದ ಧಣಿಯವರೆಗೆ ಎಷ್ಟೋ ಪಾತ್ರಗಳನ್ನು ಜೀವಂತ ಮಾಡಿದರು. 2013ರ 'ಲೂಸಿಯಾ'ದ ನಾಯಕ ಸತೀಶ್ ಅವರಂತೂ ನೀನಾಸಂ ಎಂಬುದನ್ನು ಹೆಸರಿನ ಜೊತೆಗೇ ಇಟ್ಟುಕೊಂಡಿದ್ದಾರೆ.

ಹಾಗೆಂದು ಆ ಮುದ್ರೆ ಸ್ಟುಡಿಯೋದ ಬಾಗಿಲು ತೆರೆಯುವ ಬೀಗದ ಕೈ ಎಂದುಕೊಳ್ಳಬಾರದು. ವರ್ಷಗಳನ್ನು ಎಣಿಸಿದರೆ ತಿಳಿಯುತ್ತದೆ. ಇರ್ಫಾನ್ ಖಾನ್ ನಾಟಕ ಶಾಲೆಯಿಂದ ಹೊರಬಂದದ್ದು 1987ರಲ್ಲಿ, ಅವರನ್ನು ಲೋಕಕ್ಕೆ ತೋರಿಸಿದ 'ದ ವಾರಿಯರ್' ಬಂದದ್ದು 2001ರಲ್ಲಿ. ನಡುವಿನ 14 ವರ್ಷ ಟಿ.ವಿ. ಧಾರಾವಾಹಿ, ಸಣ್ಣಪುಟ್ಟ ಪಾತ್ರ. ನವಾಜುದ್ದೀನ್ ಸಿದ್ದಿಕಿ 1996ರಲ್ಲಿ ಕಲಿತು ಮುಗಿಸಿದರು. ಹೆಸರು ಬಂದದ್ದು 2012ರ 'ಗ್ಯಾಂಗ್ಸ್ ಆಫ್ ವಾಸೇಪುರ್' ಚಿತ್ರದಲ್ಲಿ, ಅಂದರೆ 16 ವರ್ಷದ ಮೇಲೆ. ಪಂಕಜ್ ತ್ರಿಪಾಠಿ 2004ರಲ್ಲಿ ಶಾಲೆ ಬಿಟ್ಟರು, ಅವರಿಗೂ ಅದೇ ಚಿತ್ರವೇ ಬರಬೇಕಾಯಿತು. ಗೆದ್ದವರ ಲೆಕ್ಕವೇ ಹೀಗೆ. ಹೆಸರು ಬಾರದೆ ಉಳಿದ ಸಹಪಾಠಿಗಳ ಲೆಕ್ಕವನ್ನು ಯಾವ ಪತ್ರಿಕೆಯೂ ಬರೆಯುವುದಿಲ್ಲ.

ಕ್ಯಾಮೆರಾದ ಕೆಲಸದ ಬಗೆ ಬೇರೆಯೇ. ರಂಗದ ಮೇಲೆ ಕೊನೆಯ ಸಾಲಿನವರಿಗೂ ಕೇಳುವಂತೆ ಮಾತಾಡಬೇಕು. ಕ್ಯಾಮೆರಾ ಕಣ್ಣಿನ ಹತ್ತಿರಕ್ಕೆ ಬಂದಾಗ ರೆಪ್ಪೆ ಅಲುಗಿದರೂ ಅದು ದೊಡ್ಡ ಮಾತಾಗುತ್ತದೆ. ನಾಟಕದಲ್ಲಿ ಕಥೆ ಮೊದಲಿನಿಂದ ಕೊನೆಗೆ ಹರಿಯುತ್ತದೆ. ಚಿತ್ರೀಕರಣದಲ್ಲಿ ಮಗಳ ಸಾವಿಗೆ ಬೆಳಿಗ್ಗೆ ಅತ್ತು, ಅದೇ ಮಗಳ ಮದುವೆಗೆ ಮಧ್ಯಾಹ್ನ ನಗಬೇಕಾಗಬಹುದು. ಎಷ್ಟೋ ಬಾರಿ ಹುಡುಗಿಯರನ್ನು ಫೋಟೋ ನೋಡಿಯೇ ಆರಿಸುತ್ತಾರೆ, ಕಂಠ ಯಾರೋ ಕೊಡುತ್ತಾರೆ. ನಾಟಕದ ಓದು ಇದನ್ನೆಲ್ಲ ಬದಲಿಸಲಾರದು. ಅದು ಕೊಡುವುದು ಉಸಿರಿನ ಹಿಡಿತ, ಸ್ವಚ್ಛವಾದ ಮಾತು, ಒಂದು ಪಾತ್ರವನ್ನು ಬೇರಿನಿಂದ ಅರ್ಥ ಮಾಡಿಕೊಳ್ಳುವ ಅಭ್ಯಾಸ, ಜೊತೆಗೆ ಕಷ್ಟದಲ್ಲಿ ಕೈ ಹಿಡಿಯುವ ನಾಲ್ಕು ಜನ ಸಹಪಾಠಿಗಳು. ಅವಕಾಶ ಬಂದ ದಿನ ಇದು ಉಪಯೋಗಕ್ಕೆ ಬರುತ್ತದೆ. ಬರುವವರೆಗೆ ಕಾಯಬೇಕು.

ನನ್ನನ್ನು ಕಾಡುವುದು ಈ ಕಾಯುವ ವಿಷಯವೇ. ಕಾಯುವವರಿಗೂ ಹೊಟ್ಟೆಯಿದೆ, ಮನೆ ಬಾಡಿಗೆಯಿದೆ. ಪಂಕಜ್ ತ್ರಿಪಾಠಿಯವರು ಒಂದು ಮಾತನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆ: ಕೆಲಸ ಹುಡುಕುತ್ತ ಮುಂಬಯಿ ಸುತ್ತಿದ ಆ ವರ್ಷಗಳಲ್ಲಿ ಮನೆ ನಡೆದದ್ದು ಶಿಕ್ಷಕಿಯಾಗಿದ್ದ ಪತ್ನಿಯ ಸಂಬಳದಿಂದ. ಅವರು ಅದನ್ನು ಮುಚ್ಚಿಡದೆ ಹೇಳಿದ್ದು ದೊಡ್ಡ ಗುಣ. ಅದನ್ನು ಓದಿದಾಗ ನನ್ನ ಮನಸ್ಸಿಗೆ ಬಂದ ಪ್ರಶ್ನೆ ಬೇರೆ. ನಟನಾಗುವ ಗಂಡು ಕಾಯುವಾಗ ಒಬ್ಬಳು ಹೆಗಲು ಕೊಡುತ್ತಾಳೆ. ನಟಿಯಾಗುವ ಹೆಣ್ಣು ಎಂಟು ವರ್ಷ, ಹದಿನಾಲ್ಕು ವರ್ಷ ಕಾಯುವಾಗ ಅವಳಿಗೆ ಹೆಗಲು ಕೊಡುವವರು ಯಾರು?

ನಮ್ಮ ಬೀದಿಯ ತಾಯಿಯೊಬ್ಬರು ಕಳೆದ ವರ್ಷ ಇದೇ ಚಿಂತೆಯಲ್ಲಿದ್ದರು. ಮಗಳು ಬಿ.ಎ. ಮುಗಿಸಿ ನಾಟಕದ ಶಾಲೆಗೆ ಸೇರುತ್ತೇನೆಂದು ಹಟ ಹಿಡಿದಿದ್ದಳು. "ಸೀರಿಯಲ್ಲಿನಲ್ಲಿ ಕೆಲಸ ಗ್ಯಾರಂಟಿ ಅಂದ್ರೆ ಕಳಿಸ್ತೀವಿ ಅಕ್ಕಾ. ಇಲ್ಲಾಂದ್ರೆ ಯಾಕೆ ಸುಮ್ಮನೆ?" ಎಂದರು. ಅವರ ಮಗ ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷವಾಗಿತ್ತು. ಕೆಲಸ ಸಿಕ್ಕಿರಲಿಲ್ಲ, ಪರೀಕ್ಷೆಗಳನ್ನು ಬರೆಯುತ್ತ ಮನೆಯಲ್ಲಿದ್ದ. "ಅವನಿಗೆ ಗ್ಯಾರಂಟಿ ಕೇಳಿದ್ರಾ?" ಎಂದೆ. ಆಕೆ ಬೇಸರ ಮಾಡಿಕೊಳ್ಳಲಿಲ್ಲ. "ಅವನು ಗಂಡು, ಹೇಗೋ ನಡೆಯುತ್ತೆ. ಇವಳಿಗೆ ವಯಸ್ಸು ನಿಲ್ಲುತ್ತಾ?" ಎಂದರು. ಆ ಮಾತಿನಲ್ಲಿ ಕೆಟ್ಟತನವಿರಲಿಲ್ಲ, ಭಯವಿತ್ತು. ಗಂಡುಮಗ ಕಾದರೆ ನಾವು ಅದನ್ನು ತಪಸ್ಸು ಎನ್ನುತ್ತೇವೆ. ಹೆಣ್ಣುಮಗಳು ಕಾದರೆ ವಯಸ್ಸು ಮೀರಿತು ಎನ್ನುತ್ತೇವೆ. ಸಿನಿಮಾದವರೂ ಅದೇ ಮಾತು ಹೇಳುತ್ತಾರೆ: ಐವತ್ತು ದಾಟಿದ ನಾಯಕನಿಗೆ ಇಪ್ಪತ್ತೈದರ ನಾಯಕಿ.

ತಾಯಂದಿರಿಗೆ ಇನ್ನೊಂದು ಭಯವೂ ಇದೆ. ಮಲಯಾಳಂ ಚಿತ್ರರಂಗದ ಮಹಿಳೆಯರ ಸ್ಥಿತಿಗತಿ ಕುರಿತ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ 2024ರಲ್ಲಿ ಬಹಿರಂಗವಾದಾಗ, ಲೈಂಗಿಕ ಕಿರುಕುಳದಿಂದ ಹಿಡಿದು ಬಟ್ಟೆ ಬದಲಿಸಲು ಮರೆ, ಶೌಚಾಲಯ ಇಲ್ಲದ ಪಾಡಿನವರೆಗೆ ಎಲ್ಲವೂ ಅದರಲ್ಲಿತ್ತು. ಯಾವ ಪ್ರಮಾಣಪತ್ರವೂ ಹುಡುಗಿಗೆ ಇದರಿಂದ ರಕ್ಷಣೆ ಕೊಡದು. ಆದರೂ ಕೈಯಲ್ಲಿ ಕಸುಬಿರುವವಳಿಗೂ ಮುಖವನ್ನಷ್ಟೇ ನಂಬಿ ಹೋದವಳಿಗೂ ವ್ಯತ್ಯಾಸವಿದೆ. ಕಸುಬಿರುವವಳಿಗೆ ಒಬ್ಬರು ಬಾಗಿಲು ಮುಚ್ಚಿದರೆ ಹೋಗಲು ಇನ್ನೊಂದು ಜಾಗವಿರುತ್ತದೆ. ಮಕ್ಕಳ ಬೇಸಿಗೆ ಶಿಬಿರ ನಡೆಸಬಹುದು, ಶಾಲೆಯಲ್ಲಿ ನಾಟಕ ಕಲಿಸಬಹುದು, ಡಬ್ಬಿಂಗ್ ಮಾಡಬಹುದು, ರೆಪರ್ಟರಿಯಲ್ಲಿ ದುಡಿಯಬಹುದು. 1985ರಿಂದ ನೀನಾಸಂ ನಡೆಸಿಕೊಂಡು ಬಂದ ತಿರುಗಾಟ, 1989ರಲ್ಲಿ ಬಿ.ವಿ. ಕಾರಂತರ ಮುಂದಾಳತ್ವದಲ್ಲಿ ಮೈಸೂರಿನಲ್ಲಿ ಹುಟ್ಟಿದ ರಂಗಾಯಣ ಇಂಥ ಕಸುಬುದಾರರಿಂದಲೇ ಬಾಳಿದವು. ಇವುಗಳಿಂದ ಬಂಗಲೆ ಕಟ್ಟಲಾಗದು. 'ಬೇಡ' ಎನ್ನಬೇಕಾದ ಕಡೆ 'ಬೇಡ' ಎನ್ನುವಷ್ಟು ಧೈರ್ಯ ಬರುತ್ತದೆ, ಒಂಟಿ ಹೆಣ್ಣಿಗೆ ಅದು ದೊಡ್ಡ ಆಸ್ತಿ. 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದ ಆರ್. ನಾಗರತ್ನಮ್ಮನವರನ್ನು ನೆನೆಯಿರಿ. ಹೆಂಗಸರೇ ಎಲ್ಲ ಪಾರ್ಟು ಮಾಡುತ್ತಿದ್ದ ಆ ತಂಡದಲ್ಲಿ ಅವರು ಕಂಸನಾಗಿ ಗದೆ ಹಿಡಿದು ನಿಲ್ಲುತ್ತಿದ್ದರು. ಕಸುಬು ಗೊತ್ತಿದ್ದರಿಂದ ಯಾರೋ ಪಾರ್ಟು ಕೊಡಲಿ ಎಂದು ಅವರು ಕಾಯಬೇಕಾಗಲಿಲ್ಲ.

ಹಾಗಾದರೆ ಮಗಳನ್ನು ಕಳಿಸುವುದೋ ಬೇಡವೋ? ಕಳಿಸುವ ಮೊದಲು ಅವಳಿಗೆ ನಿಜ ಹೇಳಬೇಕು: ಈ ಓದಿನಿಂದ ನೀನು ತಾರೆಯಾಗುತ್ತೀಯೆಂದು ಯಾರೂ ಮಾತು ಕೊಡಲಾರರು, ಕೊಡುವವರಿದ್ದರೆ ಅವರ ಹತ್ತಿರ ಹೋಗಬೇಡ. ಮೂರು ತಿಂಗಳಲ್ಲಿ ನಟಿ ಮಾಡುತ್ತೇವೆಂದು ಫೀಸು ಕೇಳುವ ಅಂಗಡಿಗಳಿಗೂ ವರ್ಷಗಟ್ಟಲೆ ಬೆವರು ಕೇಳುವ ಶಾಲೆಗಳಿಗೂ ಇರುವ ಅಂತರ ತಿಳಿದುಕೊಳ್ಳಬೇಕು. ದೆಹಲಿಯ ಶಾಲೆ ಸೇರಿಸಿಕೊಳ್ಳುವ ಮೊದಲೇ ಒಂದು ಡಿಗ್ರಿ ಕೇಳುತ್ತದೆ, ನಾಟಕಗಳಲ್ಲಿ ದುಡಿದ ಅನುಭವ ಕೇಳುತ್ತದೆ. ಮೂರು ವರ್ಷ ಕಲಿಸಿ ಕೊಡುವುದು ಡಿಪ್ಲೊಮಾ. ಕಲಿಯುವವರಿಗೆ ವಿದ್ಯಾರ್ಥಿವೇತನವನ್ನೂ ಕೊಡುತ್ತದೆ. ಆಮೇಲೆ ಅವಳನ್ನು ಒಂದು ಮಾತು ಕೇಳಬೇಕು: 'ಕ್ಯಾಮೆರಾ ನಿನ್ನ ಕಡೆ ಎಂದೂ ತಿರುಗದಿದ್ದರೂ ಇದನ್ನು ಕಲಿಯಬೇಕು ಅನಿಸುತ್ತದೆಯೇ?' ಹೌದೆಂದರೆ ಅವಳು ಸರಿಯಾದ ಜಾಗಕ್ಕೇ ಹೊರಟಿದ್ದಾಳೆ.

ಅವಳಿಗೆ ಪ್ರಶ್ನೆ ಹಾಕಿದಷ್ಟೇ ನಿಷ್ಠುರವಾಗಿ ನಮಗೂ ಹಾಕಿಕೊಳ್ಳಬೇಕು. ಕೈಯಲ್ಲಿ ಏನೂ ಇಲ್ಲದ ಮನೆಗಳಿಗೆ ಕಾಯುವ ಶಕ್ತಿಯೇ ಇಲ್ಲ, ಅವರನ್ನು ದೂರುವ ಹಕ್ಕು ನಮಗಿಲ್ಲ. ನಾನು ಹೇಳುತ್ತಿರುವುದು ಮಗಳ ಮದುವೆಗೆಂದು ಹುಟ್ಟಿದಾಗಿನಿಂದ ಚಿನ್ನ ಕೂಡಿಡುವ, ಮಗನ ಸೀಟಿಗೆ ಸಾಲ ಮಾಡುವ ನಮ್ಮಂಥವರ ಮನೆಗಳನ್ನು. ಆ ಚಿನ್ನದಲ್ಲಿ ಒಂದು ಬಳೆಯ ಬೆಲೆ ಅವಳ ಬೆಂಗಳೂರಿನ ಬಾಡಿಗೆಗೆ ಕೆಲವು ತಿಂಗಳಾದರೂ ಆದೀತು. ಓದು ಮುಗಿದ ಮೇಲಿನ ನಾಲ್ಕೈದು ವರ್ಷ 'ಏನಾಯ್ತು, ಏನಾಯ್ತು' ಎಂದು ಚುಚ್ಚದೆ, ಹಬ್ಬಕ್ಕೆ ಬಂದಾಗ ನೆಂಟರ ಮುಂದೆ ಅವಳ ಪರವಾಗಿ ಒಂದು ಮಾತಾಡಲು ನಮ್ಮಿಂದ ಆಗುತ್ತದೆಯೇ? ನಾಟಕದ ಪದವಿ ತೆರೆಯ ಮೇಲೆ ಬದುಕು ಕೊಡುತ್ತದೆಯೇ ಎಂಬುದರ ಅರ್ಧ ಉತ್ತರ ಶಾಲೆಯಲ್ಲಿದೆ, ಹುಡುಗಿಯ ಕಸುವಿನಲ್ಲಿದೆ. ಉಳಿದರ್ಧ ಅವಳ ಮನೆಯಲ್ಲಿದೆ.