ಇಂದಿನ ಧಮ್ಮಚಿಂತನೆ: ಹೋದ ಮಗುವನ್ನು ನೆನೆಯುವುದು ಹೇಗೆ?



ಕಿಸಾಗೋತಮಿಯ ಸಾಸಿವೆಕಾಳಿನ ಕಥೆ ನಮಗೆಲ್ಲ ಗೊತ್ತು. ಸಾವಿಲ್ಲದ ಮನೆಯಿಲ್ಲ ಎಂದು ಆಕೆ ಬಾಗಿಲು ಬಾಗಿಲಿಗೆ ಹೋಗಿ ಕಂಡುಕೊಂಡಳು. ಆದರೆ ಮಗುವನ್ನು ಮಣ್ಣು ಮಾಡಿ ಬಂದ ಮೇಲೆ ಅದನ್ನು ನೆನೆಯುವುದು ಹೇಗೆ?

ನನ್ನ ಅಕ್ಕನ ಮಗಳು ತೀರಿಕೊಂಡು ಎರಡು ವರ್ಷ. 19 ವರ್ಷದವಳು, ನರ್ಸಿಂಗ್ ಓದುತ್ತಿದ್ದಳು. ಡೆಂಗ್ಯೂ ಜ್ವರ ಒಂದೇ ವಾರದಲ್ಲಿ ಕೊಂಡೊಯ್ದಿತು. ಮಹಾಲಯ ಅಮಾವಾಸ್ಯೆ ಬಂದಾಗ ನೆಂಟರು, "ಎಡೆ ಇಡಿ, ಇಲ್ಲದಿದ್ರೆ ಹುಡುಗಿ ಆತ್ಮ ಅಲೆಯುತ್ತೆ" ಎಂದರು. ಅಕ್ಕ ನನ್ನನ್ನು ಕೇಳಿದಳು: "ಆತ್ಮ ಇಲ್ಲ, ಶ್ರಾದ್ಧ ಮಾಡಲ್ಲ ಅಂತ ಪ್ರತಿಜ್ಞೆ ತಗೊಂಡಿದ್ದೀವಿ, ಸರಿ. ಹಾಗಾದ್ರೆ ನನ್ನ ಮಗಳಿಗೆ ನಾನೇನು ಮಾಡ್ಲಿ?"

1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳು ಶ್ರಾದ್ಧ, ಪಿಂಡ ಬೇಡ ಎನ್ನುತ್ತವೆ. ಅಳಬಾರದು ಎನ್ನುವುದಿಲ್ಲ. ಐವರು ಮಕ್ಕಳಲ್ಲಿ ನಾಲ್ವರನ್ನು ಕಳೆದುಕೊಂಡ ತಂದೆ ಅವರು. 1926ರ ಜುಲೈಯಲ್ಲಿ ಮಗ ರಾಜರತ್ನ ಹೋದಾಗ, ಮರುತಿಂಗಳು ಗೆಳೆಯರಿಗೆ ಬರೆದ ಪತ್ರದಲ್ಲಿ ತಮ್ಮ ಸಂಕಟವನ್ನು ಮುಚ್ಚಿಡಲಿಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ದುಃಖ ತೀರಲಿ ಎಂದು ಕಾಯುತ್ತಾ ಕೂರಲಿಲ್ಲ.

ಅಕ್ಕನಿಗೆ ಹೇಳಿದೆ: ಅವಳಿಗೆ ಇನ್ನು ನಾವು ಏನನ್ನೂ ತಲುಪಿಸಲಾರೆವು. ಈ ಮಾತು ಕಹಿ. ಆದರೆ ಅವಳಿಂದ ನಮಗೆ ಬಂದದ್ದು ನಿಂತಿಲ್ಲ. ಎಪ್ಪತ್ತು ದಾಟಿದ ನಮ್ಮ ಅವ್ವನಿಗೆ ಹಳೇ ನೋಟ್‌ಬುಕ್ಕಿನಲ್ಲಿ ಮೂರು ತಿಂಗಳು ತಿದ್ದಿಸಿ ಸಹಿ ಕಲಿಸಿದವಳು ಅವಳೇ. ಈಗ ಬ್ಯಾಂಕಿನಲ್ಲಿ ಅವ್ವ ಇಂಕ್ ಪ್ಯಾಡ್ ಪಕ್ಕಕ್ಕೆ ಸರಿಸಿ ಪೆನ್ನು ಕೇಳುತ್ತಾಳೆ. ಆ ಸಹಿಯೊಳಗೆ ಹುಡುಗಿಯ ಆತ್ಮ ಕೂತಿಲ್ಲ. ಆದರೆ ಹುಡುಗಿ ಇರದಿದ್ದರೆ ಆ ಸಹಿ ಇರುತ್ತಿರಲಿಲ್ಲ. ಪ್ರತೀತ್ಯ ಸಮುತ್ಪಾದ ಎಂದರೆ ಇದೇ ಎಂದು ನನಗನ್ನಿಸುತ್ತದೆ.

ನೆನಪು ಬೇರೆ, ತಣ್ಹಾ ಬೇರೆ. ಮಗಳು ಮರಳಿ ಬರಲಿ ಎಂದು ಹಂಬಲಿಸುವುದು ತಣ್ಹಾ, ಅದು ಸುಡುತ್ತದೆ. ಇದ್ದಳು, ಹೀಗಿದ್ದಳು, ಇಂಥದ್ದನ್ನು ಮಾಡಿದಳು ಎನ್ನುವುದು ಸತ್ಯವನ್ನು ನುಡಿಯುವುದು. ಆಗ ಕಣ್ಣೀರು ಬಂದರೆ ಬರಲಿ. ಕುಸಿನಾರೆಯಲ್ಲಿ ಆನಂದ ಅತ್ತಾಗ ಭಗವಾನರು ಅವನನ್ನು ಹತ್ತಿರ ಕರೆದು ಸಂತೈಸಿದರು. ಅವನು ಮಾಡಿದ ಸೇವೆಯನ್ನು ಎಲ್ಲರೆದುರು ಮೆಚ್ಚಿ ಮಾತಾಡಿದರು.

ಈ ವರ್ಷ ಮಗಳ ನೆನಪಿನ ದಿನ ಅಕ್ಕ ಕೇರಿಯ ಇಬ್ಬರು ಹೆಂಗಸರಿಗೆ ಸ್ಲೇಟು ಕೊಟ್ಟು, ಕೈ ಹಿಡಿದು ಹೆಸರು ಬರೆಸಿದಳು. ನಡುವೆ ಎರಡು ಸಲ ಅತ್ತಳು. ಪಾಠ ನಿಲ್ಲಿಸಲಿಲ್ಲ.

ನಿಮ್ಮ ಮನೆಯಲ್ಲೂ ಎಳೆಯ ವಯಸ್ಸಿನಲ್ಲಿ ಹೋದವರಿರಬಹುದು. ಅವರು ಶುರು ಮಾಡಿ ಬಿಟ್ಟುಹೋದ ಕೆಲಸ ಯಾವುದು? ಇಂದು ಮಕ್ಕಳನ್ನು ಕೂರಿಸಿಕೊಂಡು ಅದನ್ನು ಹೇಳಿ.

ಭವತು ಸಬ್ಬ ಮಂಗಲಂ.