ಬಾಡಿಗೆಯ ಮಿತಿ

ಮನೆ ಒಬ್ಬನದು, ವಾಸ ಇನ್ನೊಬ್ಬನದು. ಇವರಿಬ್ಬರಲ್ಲಿ ಯಾರ ಹಕ್ಕು ಹಿರಿದೆಂಬುದನ್ನು ಧರ್ಮಜ್ಞರೂ ಸುಲಭವಾಗಿ ನಿರ್ಣಯಿಸಲಾರರು. ಧಾನ್ಯವು ದುಬಾರಿಯಾದರೆ ಒಂದು ಹೊತ್ತು ಉಪವಾಸವಿರಬಹುದು. ಸೂರಿಲ್ಲದೆ ಮಕ್ಕಳೊಡನೆ ಒಂದಿರುಳನ್ನು ಕಳೆಯುವುದೆಂತು? ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ, 1918ರಲ್ಲಿ, ಮುಂಬಯಿಯ ಬಾಡಿಗೆಗಳಿಗೆ ಕಟ್ಟು ಬಿದ್ದುದು ಈ ಕಾರಣದಿಂದಲೇ. ಮುಂದೆ 1947ರ ಶಾಸನವು ಹಳೆಯ ಮನೆಗಳಿಗೆ 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನೇ ಪ್ರಮಾಣವೆಂದು ಗೊತ್ತುಮಾಡಿತು. ಹೋಟೆಲಿನ ಕೆಲಸಕ್ಕೆಂದು ಹೋಗಿ ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದ ಕನ್ನಡಿಗರೂ ಇದರ ನೆರಳಿನಲ್ಲಿ ಬಾಳಿದರು.

ಆದರೆ ತಾತ್ಕಾಲಿಕವೆಂದು ಹುಟ್ಟಿದ ಆ ಶಾಸನವು ಮತ್ತೆ ಮತ್ತೆ ಅವಧಿಯನ್ನು ಪಡೆದು ಅರ್ಧ ಶತಮಾನ ಬದುಕಿತು. ರೂಪಾಯಿಯ ಬೆಲೆ ಕರಗಿತು; ಬಾಡಿಗೆ ಕದಲಲಿಲ್ಲ. ಬಂದ ಹಣವು ದುರಸ್ತಿಗೂ ಸಾಲದೆ ಒಡೆಯನು ಗೋಡೆಗಳನ್ನು ಮಳೆಗೆ ಒಪ್ಪಿಸಿದನು. ‘ಪಗಡಿ’ ಎಂಬ ಗುಟ್ಟಿನ ಹಣ ಕೈಯಿಂದ ಕೈಗೆ ಸಾಗಿತು. ಸ್ಥಿತಿವಂತನಾದ ಬಾಡಿಗೆದಾರನು ಬಡವಿಧವೆಯೊಬ್ಬಳ ಮನೆಯಲ್ಲಿ ಅಗ್ಗಕ್ಕೆ ವಾಸಿಸಿದರೆ ಅದು ರಕ್ಷಣೆಯೋ, ಸರ್ಕಾರವು ಪರರ ಗಂಟಿನಿಂದ ಮಾಡಿದ ದಾನವೋ? ಆರಂಭದಲ್ಲಿ ಯುಕ್ತವಾಗಿದ್ದ ಕಟ್ಟು ಕಾಲಾಂತರದಲ್ಲಿ ಅಯುಕ್ತವಾಯಿತೆಂದು 1997ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. 2000ದಲ್ಲಿ ಜಾರಿಗೆ ಬಂದ ಮಹಾರಾಷ್ಟ್ರದ ಹೊಸ ಶಾಸನವು ವರ್ಷಕ್ಕೆ ನೂರಕ್ಕೆ 4ರಂತೆ ಏರಿಕೆಗೆ ಎಡೆಗೊಟ್ಟಿತು.

ಹಾಗೆಂದು ಹಳೆಯದನ್ನು ಪೂರ್ತಿಯಾಗಿ ಹಳಿಯಲಾಗದು. ಒಡೆಯನು ಸ್ವಂತ ವಾಸಕ್ಕೆಂದು ಮನೆಯನ್ನು ಕೇಳಿದಾಗ, ಬಿಡಿಸಿದರೆ ಆಗುವ ಕಷ್ಟ ಹೆಚ್ಚೋ ಬಿಡಿಸದಿದ್ದರೆ ಆಗುವುದು ಹೆಚ್ಚೋ ಎಂದು ತೂಗಿ ನೋಡುವಂತೆ ಅದು ನ್ಯಾಯಾಧೀಶನಿಗೆ ವಿಧಿಸಿತ್ತು. ಬಾಡಿಗೆಯ ವಿಧಿಯು ಅಂಕಿಗೆ ಅಂಟಿಕೊಂಡಿತು. ಈ ವಿಧಿಯಾದರೋ ಇಬ್ಬರ ಒಲೆಯನ್ನೂ ನೋಡಿತು. ಬಾಡಿಗೆಯನ್ನು ಗೊತ್ತುಮಾಡುವಲ್ಲಿಯೂ ಇದೇ ತಕ್ಕಡಿಯನ್ನು ಹಿಡಿದಿದ್ದರೆ ಮುಂಬಯಿಯ ಎಷ್ಟೋ ಗೋಡೆಗಳು ಉಳಿಯುತ್ತಿದ್ದವು.